ಸೂರಿಲ್ಲದ ಕಾರು, ಸಹಿಯಿಲ್ಲದ ಅರ್ಜಿ

ಹಲೋ... ಹಲೋ, ಯಾರು ಮಾತಾಡ್ತಿರೋದು? ಗ್ಯಾರೇಜಿನವರೇನಾ?

...

ನಾನು ಯಾರು ಅಂತಲಾ? ಅಹಂ... ಅಹಂ... ನಾನು ಮೋಟಾರು ಕ್ರೀಡಾ ಸಂಘದ ಗೌರವ ಕಾರ್ಯದರ್ಶಿ. ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ, ತಮ್ಮ ಪತ್ನಿಯ ತಂಗಿಯಾದ, ವೃತ್ತಿಯಿಂದ ದಂತವೈದ್ಯೆಯೂ ಪ್ರವೃತ್ತಿಯಿಂದ ದಂಡಪಿಂಡವೂ ಆದ ಒಬ್ಬ ಮಹಿಳೆಯ ಅರ್ಜಿಯು ನಮ್ಮ ಮೇಜಿನ ಮೇಲೆ ಅರ್ಧಂಬರ್ಧ ತುಂಬಿದ ಸ್ಥಿತಿಯಲ್ಲಿ ಬಿದ್ದಿರುತ್ತದೆ, ಎಂಬುದಾಗಿ.

...

ಹಾಂ, ಧ್ವನಿ ಸ್ವಲ್ಪ ಮೂಗಿನಿಂದ ಬರುತ್ತಿದೆ. ಕಚೇರಿಯ ಫ್ಯಾನು ನನ್ನ ನೆತ್ತಿಯ ಮೇಲೇ ತಿರುಗುತ್ತದೆ, ಎಂಬುದಾಗಿ.

...

ಎಲ್ಲಿಂದ ಅಂದ್ರೆ... ಕಚೇರಿಯಿಂದಲೇ. ನನ್ನ ಕುರ್ಚಿಯಿಂದಲೇ. ಯಾಕೆ?

...

ಯಾರು? ನಿಮ್ಮ ಎದುರಿಗೇನಾ? ಸ್ಟೂಲ್ ಮೇಲೆ ಕೂತು ಕಾಫಿ ಕುಡೀತಿದ್ದಾರಾ?

...

ಅಯ್ಯೋ ದೇವರೇ. ಸ್ಪೀಕರ್ ಹಾಕಿದ್ದೀರಾ ಭಾವ? ಎಷ್ಟು ಹೊತ್ತಿಂದ?

...

ಮೊದಲಿಂದಾನೂ! ಸರ್, ನಮಸ್ಕಾರ ಸರ್. ಹಲ್ಲಿನ ಡಾಕ್ಟರ್ ಸರ್ ನಾನು. ಇಲ್ಲ ಸರ್, ಅಣಕ ಅಲ್ಲ, ಗೌರವ. ಗೌರವ ಕಾರ್ಯದರ್ಶಿಗಳಿಗೆ ಗೌರವ ಕೊಡದೆ ಇನ್ಯಾರಿಗೆ ಕೊಡ್ಲಿ?

...

ನೀವು ಅಷ್ಟು ಸಲ 'ಎಂಬುದಾಗಿ' ಅನ್ನಲ್ವಾ? ಸರಿ ಸರ್. ಅನ್ನಲ್ಲ ಎಂಬುದಾಗಿ ಒಪ್ಪಿಕೊಂಡೆ... ಅಯ್ಯೋ, ಕ್ಷಮಿಸಿ, ಬಾಯಿಗೆ ಅಂಟಿಬಿಟ್ಟಿದೆ.

...

ಭಾವ, ಸ್ಪೀಕರ್ ತೆಗೀರಿ. ಕಿವಿಗೆ ಹಿಡ್ಕೊಳ್ಳಿ. ಗ್ರೀಸ್ ಅಂಟಿದ್ರೆ ಅಂಟ್ಲಿ... ತೆಗೆದ್ರಾ? ಅವರು ಅಲ್ಲೇನು ಮಾಡ್ತಿದ್ದಾರೆ? ಸ್ಕೂಟರ್ ಕೆಟ್ಟಿದೆಯಾ?

...

ಆಮೇಲೆ ಹೇಳ್ತೀರಾ. ಆಯ್ತು. ನನ್ನ ಹತ್ರ ಇರೋದೇ ಹತ್ತು ನಿಮಿಷ. ಕುರ್ಚಿಯಲ್ಲಿ ಒಬ್ಬರನ್ನ ಮಲಗಿಸಿದ್ದೀನಿ, ದವಡೆಗೆ ಇಂಜೆಕ್ಷನ್ ಕೊಟ್ಟಿದ್ದೀನಿ, ಮರಗಟ್ಟೋಕೆ ಬಿಟ್ಟಿದ್ದೀನಿ.

...

ಓಹೋ. ನಿಮಗೆ ಇಂಜೆಕ್ಷನ್ ಇಲ್ಲದೇನೇ ಮರಗಟ್ಟಿದೆಯಾ. ಎಲ್ಲಿ, ದವಡೆಯಲ್ಲಾ, ಎದೆಯಲ್ಲಾ?

...

ಅಂದ್ರೆ ಗೊತ್ತಾಗಿದೆ. ಯಾರು ಹೇಳಿದ್ರು?

...

ರೇಸಿನ ಹೊಸ ಗುಂಪಿನ ಪಟ್ಟಿ ನೋಡಿದ್ರಾ. ಸಂಘದ ಬಾಗಿಲಿಗೆ ಅಂಟಿಸಿದ್ದನ್ನ. ಮೂರು ದಿನದ ಹಿಂದೆ.

...

ಹೌದು, ನಾನೇ ಹೇಳಬೇಕಿತ್ತು... ಹೌದು, ಕೆಳಗಡೆ ಔಷಧಿ ಅಂಗಡಿಯವರಿಗೆ ಹೇಳಿದ್ದೆ. ಲಿಫ್ಟ್ ರಿಪೇರಿಯವರಿಗೂ ಹೇಳಿದ್ದೆ. ಈ ಕುರ್ಚಿಗೆ ಬಂದು ಬಾಯಿ ತೆರೆದವರಿಗೆಲ್ಲ ಹೇಳಿದ್ದೆ ಭಾವ, ಯಾಕಂದ್ರೆ ಅವರು ತಿರುಗಿ ಮಾತಾಡೋ ಸ್ಥಿತಿಯಲ್ಲಿ ಇರಲ್ಲ. ನಿಮಗೆ ಹೇಳೋಕೆ ಎರಡು ಸಲ ಗ್ಯಾರೇಜಿನ ತನಕ ಬಂದಿದ್ದೆ. ಒಂದು ಸಲ ನೀವು ನನ್ನ ಗಾಡಿಯ ಕೆಳಗೇ ಮಲಗಿದ್ರಿ. ಕಾಲು ಮಾತ್ರ ಕಾಣ್ತಿತ್ತು. ಕಾಲಿಗೆ ಹೇಳ್ಲಾ ಅಂದ್ಕೊಂಡೆ, ಕಾಲಿಗೆ ಬುದ್ಧಿ ಹೇಳಿದೆ. ನನ್ನ ಕಾಲಿಗೆ.

...

ಇಲ್ಲ, ಜೋಕು ಮಾಡ್ತಿಲ್ಲ. ಮಾಡ್ತಿದ್ದೀನಿ, ಆದ್ರೆ ಮಾಡ್ತಿಲ್ಲ. ವಿಷಯಕ್ಕೆ ಬರ್ತೀನಿ. ಅರ್ಜಿಯಲ್ಲಿ ಒಂದು ಖಾಲಿ ಜಾಗ ಇದೆ, 'ಚಾಲಕರ ಸಹಾಯಕ' ಅಂತ. ಅಲ್ಲಿ ನಿಮ್ಮ ಸಹಿ ಬೇಕು. ಇವತ್ತು ನಾಲ್ಕು ಗಂಟೆಯೊಳಗೆ. ಸಹಾಯಕರು ಇಲ್ಲದ ಗಾಡೀನ ಎಲ್ಲರೂ ಹೊರಟು ಧೂಳು ಕೂತ ಮೇಲೆ ಕಟ್ಟಕಡೆಯಲ್ಲಿ ಬಿಡ್ತಾರಂತೆ. ಈಗ ಮೂರೂವರೆ ಆಯ್ತು. ಬರ್ತೀರಾ ಭಾವ, ಭಾನುವಾರ?

...

ಭಾವ?

...

ಒಂದು ನಿಮಿಷ, ಕುರ್ಚಿಯವರು ಹುಬ್ಬಲ್ಲೇ ಪ್ರಶ್ನೆ ಕೇಳ್ತಿದ್ದಾರೆ. ಏನ್ ಸರ್? ಅರ್ಥ ಆಗ್ತಿಲ್ವಾ? ನೋಡಿ, ಹನ್ನೊಂದು ವರ್ಷ ನಾನು ರೇಸ್ ಓಡಿಸಿದ್ದು ಮನೆ ಕಾರಲ್ಲಿ. ಎಲ್ಲರೂ ಕೊಳ್ಳೋ ಅಂಥದ್ದೇ, ನಾಲ್ಕು ಬಾಗಿಲಿನದ್ದು. ನಮ್ಮಕ್ಕ ತರಕಾರಿ ತರ್ತಿದ್ದ ಕಾರು. ನಮ್ಮ ಭಾವ ಅದರ ಸೀಟು ಕಿತ್ತು, ಒಳಗೆ ಕಂಬಿ ಕಟ್ಟಿ, ಇಂಜಿನ್ನನ್ನ ಬಿಚ್ಚಿ ಜೋಡಿಸಿ, ತರಕಾರಿ ಗಾಡೀನ ಮೊಸಳೆ ಮಾಡಿದ್ರು. ಈ ಭಾನುವಾರದಿಂದ ನಾನು ಬೇರೆ ಥರದ್ದಕ್ಕೆ ಹೋಗ್ತಿದ್ದೀನಿ. ಒಂದೇ ಸೀಟು, ತಲೆ ಮೇಲೆ ಸೂರಿಲ್ಲ, ನಾಲ್ಕು ಚಕ್ರಾನೂ ಮೈಯಿಂದ ಆಚೆ. ನೋಡೋಕೆ ಥೇಟ್ ಚಪ್ಪಲಿ. ಹದಿನೇಳು ಕಾರು, ಹದಿನೇಳೂ ಒಂದೇ ಅಚ್ಚು. ಇಂಜಿನ್ನಿಗೆ ಸಂಘದವರೇ ಸೀಲ್ ಹೊಡೆದಿರ್ತಾರೆ, ಯಾರೂ ಕೈ ಹಾಕೋ ಹಾಗಿಲ್ಲ. ತಿಳೀತಾ? ಬಾಯಿ ಮುಚ್ಚಬೇಡಿ, ಹತ್ತಿ ಬೀಳುತ್ತೆ.

...

ಕೇಳಿಸ್ತಿದೆ ಭಾವ. 'ಯಾರೂ ಕೈ ಹಾಕೋ ಹಾಗಿಲ್ಲ' ಅನ್ನೋದನ್ನ ಒತ್ತಿ ಹೇಳಿದೆನಾ? ಇಲ್ಲಪ್ಪ. ನಿಮಗೆ ಒತ್ತಿದ ಹಾಗೆ ಕೇಳಿಸ್ತು.

...

ನಿಮ್ಮ ಇಂಜಿನ್ ಸರಿ ಇಲ್ಲ ಅಂತ ಯಾರಂದ್ರು? ಉಲ್ಟಾ! ಅದು ಅಷ್ಟು ಸರಿ ಇದ್ದಿದ್ದೇ ನನ್ನ ಗ್ರಹಚಾರ. ಹೋದ ವರ್ಷ ಬಹುಮಾನದ ದಿನ ಆ ಮೈಕ್ ಹಿಡಿದ ಮಹಾನುಭಾವ ಏನಂದ, ನೆನಪಿದೆಯಾ? 'ಮಹನೀಯರೇ ಮತ್ತು ಮಹಿಳೆಯರೇ, ಇಂಜಿನ್ನು ಭಾವಂದು, ಕಪ್ಪು ನಾದಿನೀದು!' ಇಡೀ ಸಭೆ ಗೊಳ್ ಅಂತು. ನಾನೂ ಮೂವತ್ತೆರಡೂ ಹಲ್ಲು ಬಿಟ್ಟು ನಕ್ಕೆ. ನೀವೂ ನಕ್ಕಿರಿ. ಮನೆಗೆ ಬಂದು ಕಪ್ಪನ್ನ ಮೇಜಿನ ಮೇಲೆ ಇಟ್ರೆ, ಯಾರ ಮನೆಯದ್ದನ್ನೋ ಮರೆತು ಎತ್ಕೊಂಡು ಬಂದ ಹಾಗಿತ್ತು.

...

ನೀವು ಯಾವತ್ತೂ ಹಾಗಂದಿಲ್ಲ. ಗೊತ್ತು. ಅಂದಿದ್ರೆ ಜಗಳ ಆಡಬಹುದಿತ್ತು. ನನಗೆ ಮೂವತ್ತೊಂಬತ್ತು ಭಾವ. ಈ ಹನ್ನೊಂದು ವರ್ಷ ನಾನು ಗಾಡಿ ಓಡಿಸ್ತಿದ್ದೆನಾ, ಗಾಡಿ ನನ್ನ ಹೊತ್ತು ಓಡ್ತಿತ್ತಾ, ಅದು ತಿಳೀಬೇಕು. ಎಲ್ಲರ ಕೈಗೂ ಒಂದೇ ಥರದ ಗಾಡಿ ಕೊಟ್ರೆ ತಾನೇ ತಿಳಿಯೋದು?

...

ಏನು? ನಿಮಗೂ ಗೊತ್ತಿಲ್ವಾ? ಅಲ್ಲ ಭಾವ, ಒಂದು ಸಣ್ಣ ಸುಳ್ಳಾದ್ರೂ ಹೇಳಬಾರದಾ! 'ನೀನೇ ಓಡಿಸ್ತಿದ್ದೆ ಕಣಮ್ಮ' ಅಂತ. ಮೂರೇ ಪದ.

...

ಹೋದ ಶನಿವಾರ ಅಭ್ಯಾಸಕ್ಕೆ ಹೋಗಿದ್ದೆ. ಹೌದು, ಒಬ್ಬಳೇ. ಹೇಗಿತ್ತು ಅಂತ ಕೇಳಿ... ಕೇಳ್ತೀರಾ, ಕುತೂಹಲ ಬಿಡಲ್ಲ ನೋಡಿ! ಮೊದಲನೇದು, ಕೂತೆ. ಕೂತ ತಕ್ಷಣ ಬಾಗಿಲು ಹಾಕೋಕೆ ಕೈ ಚಾಚಿದೆ. ಬಾಗಿಲೆಲ್ಲಿದೆ? ಪಕ್ಕದಲ್ಲಿ ನಿಂತಿದ್ದ ಮನುಷ್ಯನ ಪ್ಯಾಂಟು ಸಿಕ್ತು. ಅದನ್ನೇ ಎಳೆದೆ.

...

ನಗಿ, ನಗಿ. ಎರಡನೇದು, ಕನ್ನಡಿ ಸರಿ ಮಾಡೋಣ ಅಂತ ಕೈ ಮೇಲೆತ್ತಿದೆ. ಅಲ್ಲಿ ಕನ್ನಡಿ ಇಲ್ಲ, ಬರೀ ಆಕಾಶ. ಹಿಂದಿನ ಗಾಡಿಯವರು ನಾನು ಟಾಟಾ ಮಾಡ್ತಿದ್ದೀನಿ ಅಂತ ತಿಳ್ಕೊಂಡು ತಿರುಗಿ ಟಾಟಾ ಮಾಡಿದ್ರು. ಮೂರನೇದು, ಹೆಲ್ಮೆಟ್ಟಿನ ಗಾಜು ಎತ್ತಿದ್ದೆ, ಏನೋ ಹಾರಿ ಬಂದು ಬಾಯಿಗೆ ಬಿತ್ತು. ಇಷ್ಟು ವರ್ಷ ಬೇರೆಯವರ ಬಾಯಲ್ಲಿ ಹುಳುಕು ಹುಡುಕಿದವಳ ಬಾಯಿಗೆ ನೇರ ಹುಳಾನೇ.

...

ಆದ್ರೆ ಭಾವ, ಚಕ್ರ ಕಾಣುತ್ತೆ! ಮುಂದಿನ ಎರಡು ಚಕ್ರಾನೂ ಕಣ್ಣೆದುರಿಗೇ ಇವೆ. ನಾನು ಸ್ಟೀರಿಂಗ್ ತಿರುಗಿಸಿದ್ರೆ ಅವು ತಿರುಗ್ತವೆ, ಹಳ್ಳ ಬಂದ್ರೆ ಹಾರ್ತವೆ. ಹನ್ನೊಂದು ವರ್ಷ ನಾಲ್ಕು ಚಕ್ರ ಓಡಿಸಿದ್ದೀನಿ, ಒಂದನ್ನೂ ಓಡುವಾಗ ನೋಡಿರ್ಲಿಲ್ಲ. ಮೊದಲ ಸುತ್ತಿನಲ್ಲಿ ದಾರಿ ನೋಡೋದು ಬಿಟ್ಟು ಅದನ್ನೇ ನೋಡ್ತಾ ಕೂತೆ. ಹುಲ್ಲಿಗೆ ಇಳಿದೆ.

...

ಟೈಮಾ? ಟೈಮ್ ಬಿಡಿ ಈಗ... ಹದಿನೇಳರಲ್ಲಿ ಹದಿನಾಲ್ಕು.

...

ಮೊದಲು ಬಂದವರಾ? ಒಬ್ಬರು ಗಣಿತದ ಮೇಷ್ಟ್ರು. ಅರವತ್ತೊಂದು ವಯಸ್ಸು. ಇಳಿದು ಬಂದು, 'ಏನಿಲ್ಲಮ್ಮಾ, ಬ್ರೇಕು ಕೂಡೋದಲ್ಲ, ಕಳೆಯೋದು' ಅಂದ್ರು. ಇನ್ನೂ ಲೆಕ್ಕ ಹಾಕ್ತಿದ್ದೀನಿ.

...

ಅಕ್ಕ ಏನಂದ್ಳು? ಅವಳಿಗೂ ಗೊತ್ತಾ? ಏನಂದ್ಳು, ಏನಂದ್ಳು?... 'ಹಾಗಾದ್ರೆ ನನ್ನ ಕಾರು ನನಗೆ ವಾಪಸ್ ಕೊಡಿ, ಹಿಂದಿನ ಸೀಟು ಸಮೇತ' ಅಂತಾ! ಹಿಂದಿನ ಸೀಟು ಹನ್ನೊಂದು ವರ್ಷದಿಂದ ನಿಮ್ಮ ಗ್ಯಾರೇಜಲ್ಲಿ ಸೋಫಾ ಆಗಿದೆಯಲ್ಲ, ಬೆಲ್ಟ್ ಸಮೇತ! ಗಿರಾಕಿಗಳು ಬೆಲ್ಟ್ ಹಾಕ್ಕೊಂಡು ಬಿಲ್ ನೋಡ್ತಾರೆ.

...

ನಕ್ಕಿರಿ ತಾನೇ? ನಕ್ಕಿದ್ದು ಕೇಳಿಸ್ತು. ಹಾಗಾದ್ರೆ ಸಹಿ ಹಾಕ್ತೀರಾ?

...

'ನನಗಲ್ಲಿ ಏನು ಕೆಲಸ' ಅಂದ್ರೆ? ಟೈರಿಗೆ ಗಾಳಿ ಹೊಡೀಬಹುದು. ಹೆಲ್ಮೆಟ್ಟಿನ ಗಾಜು ಒರೆಸಬಹುದು. ನನ್ನ ಬೆಲ್ಟ್ ಬಿಗೀಬಹುದು. ಮತ್ತೆ... ಅಷ್ಟೇ. ಸ್ಪ್ಯಾನರ್ ಮುಟ್ಟೋ ಹಾಗಿಲ್ಲ, ಒಪ್ಪಿದೆ. ನಿಮ್ಮನ್ನ ಸ್ಪ್ಯಾನರ್ ಇಲ್ಲದೆ ನಿಲ್ಲಿಸೋದು ಅಂದ್ರೆ ಅಡುಗೆಯವರನ್ನ ಊಟದ ಮನೆಯ ಬಾಗಿಲಲ್ಲಿ ಚಪ್ಪಲಿ ಕಾಯೋಕೆ ನಿಲ್ಲಿಸಿದ ಹಾಗೆ. ಗೊತ್ತು.

...

ಮತ್ಯಾಕೆ ಬೇಕು ಅಂದ್ರೆ...

...

ಇನ್ನೊಂದು ವಿಷಯ ಹೇಳ್ಲಾ? ಇದನ್ನ ಔಷಧಿ ಅಂಗಡಿಯವರಿಗೂ ಹೇಳಿಲ್ಲ. ಶನಿವಾರ ಬೆಳಗ್ಗೆ ಹದಿನೇಳು ಗಾಡೀನೂ ಸಾಲಾಗಿ ನಿಲ್ಲಿಸಿದ್ರು. ಬೆಲ್ಟ್ ಬಿಗಿದ್ರು. ಇಂಜಿನ್ ಶುರು ಮಾಡಿದ್ದಾಯ್ತು. ಬಾವುಟದವನು ಬಾವುಟ ಬೀಸಿದ. ಹದಿನಾರು ಗಾಡಿ ಹೋದ್ವು. ನಾನು ಕೂತೇ ಇದ್ದೆ.

...

ಇಲ್ಲ, ಗೇರ್ ಸಿಕ್ಕಿಬಿದ್ದಿರ್ಲಿಲ್ಲ. ಕೇಳಿ ಇಲ್ಲಿ. ಆ ಬಾವುಟದವನು ಓಡಿ ಬಂದ. 'ಮೇಡಂ, ಗಾಡಿ ಆಫ್ ಆಯ್ತಾ?' 'ಇಲ್ಲ.' 'ಮತ್ತೆ?' 'ಬಡಿತಕ್ಕೆ ಕಾಯ್ತಿದ್ದೀನಿ.' 'ಎದೆ ಬಡಿತಾನಾ ಮೇಡಂ? ಡಾಕ್ಟರನ್ನ ಕರೀಲಾ?' 'ನಾನೇ ಡಾಕ್ಟರಪ್ಪಾ...'

...

ಹೂಂ. ಅದೇ. ನಿಮ್ಮ ಬಡಿತ. ಬೆಲ್ಟ್ ಬಿಗಿದು, ಬಾಗಿಲು ಹಾಕಿ, ಅಂಗೈಯಿಂದ ಛಾವಣಿ ಮೇಲೆ ಎರಡು ಸಲ ಬಡೀತಿದ್ರಲ್ಲ, ಧಬ್, ಧಬ್. ನಾನು ಯಾವತ್ತೂ ಬಾವುಟ ನೋಡೇ ಇಲ್ಲ ಭಾವ. ಹನ್ನೊಂದು ವರ್ಷ ಆ ಧಬ್ ಧಬ್‌ಗೇ ಕ್ಲಚ್ ಬಿಟ್ಟಿದ್ದು. ಈಗ ಛಾವಣೀನೇ ಇಲ್ಲ. ಕಾಲು ಕ್ಲಚ್ ಮೇಲಿಂದ ಏಳಲಿಲ್ಲ. ನನ್ನ ಹೆಲ್ಮೆಟ್ಟನ್ನ ನಾನೇ ಎರಡು ಸಲ ಬಡ್ಕೊಂಡು ಹೊರಟೆ.

...

ಅದೇನು ಸದ್ದು ಭಾವ?

...

ಮೂಗು ಸೀಟಿದ್ದು ಯಾರು? ಕಾರ್ಯದರ್ಶಿಗಳಾ? ಅವರ್ಯಾಕೆ ಅಳ್ತಾರೆ? ಸ್ಪೀಕರ್ ಇನ್ನೂ ತೆಗೆದಿಲ್ವಾ ನೀವು?

...

ಸರಿ, ಕೇಳಿಸ್ಕೊಳ್ಳಲಿ ಬಿಡಿ. ನನ್ನ ಅರ್ಜಿ ಎಲ್ಲಿದೆ, ಅವರ ಚೀಲದಲ್ಲೇನಾ? ಒಳ್ಳೇದೇ ಆಯ್ತು. ಪೆನ್ನು ತಗೊಳ್ಳಿ ಮತ್ತೆ.

...

ಆಗಲ್ವಾ? ಯಾಕೆ? ಈಗಷ್ಟೇ... ನಕ್ಕಿರಲ್ಲ? ಇನ್ನೂ ಕೋಪಾನಾ?

...

ಹಾಂ. ಹಾಂ. ನಿಧಾನವಾಗಿ ಹೇಳಿ. ಭಯಾನಾ? ನಿಮಗಾ?

...

ಹೌದು, ಮನೆ ಕಾರುಗಳು ಒಂದಕ್ಕೊಂದು ಉಜ್ಜಿದ್ರೆ ಬಣ್ಣ ಹೋಗುತ್ತೆ. ಇದರಲ್ಲಿ ಚಕ್ರಕ್ಕೆ ಚಕ್ರ ತಗುಲಿದ್ರೆ ಗಾಡಿ ಎದ್ದು ಹಾರುತ್ತೆ, ಗೊತ್ತು. ಮುಂದಿರೋರ ಗಾಡಿಯಿಂದ ಒಂದು ಬೋಲ್ಟ್ ಕಳಚಿದ್ರೂ... ಭಾವ, ಕುರ್ಚಿಯವರು ಕೇಳಿಸ್ಕೊಳ್ತಿದ್ದಾರೆ, ಕಣ್ಣು ದೊಡ್ಡದಾಗ್ತಿದೆ.

...

ಮೂರು ರಾತ್ರಿ ನಿದ್ದೆ ಇಲ್ವಾ. ಅಯ್ಯೋ ಭಾವ.

...

ಅದಕ್ಕೂ ಕಾರ್ಯದರ್ಶಿಗಳು ಬಂದಿದ್ದಕ್ಕೂ ಏನು ಸಂಬಂಧ?

...

ಏನು? ಯಾರನ್ನ? ರೇಸ್ ಗಾಡಿಗಳ ತಪಾಸಣಾಧಿಕಾರಿ ಮಾಡೋಕೆ ಬಂದಿದ್ದಾರಾ? ನಿಮ್ಮನ್ನಾ? ಯಾವ ಗುಂಪಿಗೆ?

...

ನಮ್ಮ ಗುಂಪಿಗೇ? ಚಪ್ಪಲಿ ಗುಂಪಿಗೆ! ಹಹ್ಹಹ್ಹ... ಅಯ್ಯೋ, ತಡೀರಿ, ಕುರ್ಚಿಯವರ ಎದೆ ಮೇಲೆ ಹಲ್ಲು ನೋಡೋ ಕನ್ನಡಿ ಬೀಳಿಸಿದೆ. ಏನಾಗಿಲ್ಲ ಸರ್, ಮಲಗಿ. ಕಾರ್ಯದರ್ಶಿಗಳೇ, ಕೇಳ್ತಿದ್ದೀರಾ? ಕಳ್ಳನ ಕೈಗೇ ಬೀಗದ ಕೈ ಕೊಡ್ತಿದ್ದೀರಲ್ಲ! ಹಿಂದೆ ಒಂದು ಬೇಸಿಗೆಯಲ್ಲಿ, ತಣ್ಣಗಾದ್ರೆ ಪೆಟ್ರೋಲ್ ಜಾಸ್ತಿ ಹಿಡಿಯುತ್ತೆ ಅಂತ ಟ್ಯಾಂಕಿಗೆ ಐಸ್ ಮೂಟೆ ಸುತ್ತಿ ಸಿಕ್ಕಿಬಿದ್ದಿದ್ದು ಯಾರು? 'ನಿಯಮದ ಪುಸ್ತಕದಲ್ಲಿ ಐಸ್ ಅನ್ನೋ ಪದ ಎಲ್ಲಿದೆ ತೋರಿಸಿ' ಅಂತ ವಾದ ಮಾಡಿದ್ದು ಯಾರು?

...

ಅದಕ್ಕೇ ಬೇಕು ಅಂತಾರಾ. ಇರೋ ಕಳ್ಳದಾರಿಯೆಲ್ಲ ಗೊತ್ತಿರೋರು ಬೇಕು ಅಂತಾ. ಸರಿ, ಅದೂ ನ್ಯಾಯವೇ.

...

ಅಂದ್ರೆ ತಪಾಸಣೆಯವರು ಯಾವ ಚಾಲಕರಿಗೂ ಸಹಾಯಕರಾಗೋ ಹಾಗಿಲ್ಲ. ಹಾಂ. ಹಾಂ. ಎರಡೂ ಕಾಗದ ಮುಂದಿದೆ, ಒಂದಕ್ಕೆ ಮಾತ್ರ ಸಹಿ. ಯಾವುದಕ್ಕೆ ಹಾಕಿದ್ದೀರಿ?

...

ಯಾವುದಕ್ಕೂ ಹಾಕಿಲ್ಲ. ಮತ್ತೆ ಮೂರು ದಿನದಿಂದ ಏನು ಮಾಡ್ತಿದ್ರಿ?

...

ನಾನು ಫೋನ್ ಮಾಡ್ತೀನಿ ಅಂತ ಕಾಯ್ತಿದ್ರಾ.

...

ನಾನು ಯಾವುದಕ್ಕೆ ಹೇಳ್ತೀನೋ ಅದಕ್ಕೆ ಹಾಕ್ತೀರಾ? ಭಾವ, ಇದು ಅನ್ಯಾಯ. ಹಲ್ಲು ಕೀಳಿ ಅಂತ ಬಂದವರು ಯಾವ ಹಲ್ಲು ಅಂತ ಡಾಕ್ಟರನ್ನೇ ಕೇಳಿದ ಹಾಗಾಯ್ತು.

...

ಒಂದು ಕೇಳ್ತೀನಿ, ನಿಜ ಹೇಳಿ. ತಪಾಸಣೆಯವರ ಕೆಲಸ ನಿಮಗೆ ಇಷ್ಟಾನಾ?

...

ಹೂಂ... ಹೂಂ... ಹದಿನೇಳೂ ಗಾಡಿಯ ಒಂದೊಂದು ನಟ್ಟು... ಬ್ರೇಕಿನ ಪೈಪು... ಹೂಂ... ಸಡಿಲ ಇದ್ರೆ ಗಾಡೀನೇ ಬಿಡಲ್ಲ... 'ಯಾರ ಗಾಡಿಯಿಂದಲೂ ಏನೂ ಕಳಚಿ ನಿನ್ನ ಮೇಲೆ ಬೀಳಬಾರದು ನೋಡು...'

...

ಇಲ್ಲ, ಇದ್ದೀನಿ. ಸ್ವಲ್ಪ ಹತ್ತಿ ಹುಡುಕ್ತಿದ್ದೆ. ಇವರ ಬಾಯಿಗಲ್ಲ.

...

ನಾನು ಒಂದು ಗಾಡಿಗೆ ನಿಮ್ಮನ್ನ ಕರೆಯೋಕೆ ಫೋನ್ ಮಾಡಿದೆ. ನೀವು ಆಗಲೇ ಹದಿನೇಳಕ್ಕೂ ಕೈ ಹಾಕಿ ಕೂತಿದ್ದೀರಿ.

...

ಆ ಕಾಗದಕ್ಕೇ ಹಾಕಿ ಭಾವ. ತಪಾಸಣೆಯದ್ದಕ್ಕೆ.

...

ನನ್ನ ಅರ್ಜೀಲಾ? ಸಹಾಯಕರ ಜಾಗದಲ್ಲಿ ಒಂದು ಗೀಟು ಎಳೀರಿ. ಉದ್ದಕ್ಕೆ, ನೇರವಾಗಿ.

...

ಗೊತ್ತು, ಕಟ್ಟಕಡೆಯಲ್ಲಿ ಬಿಡ್ತಾರೆ. ಬಿಡಲಿ. ಮುಂದೆ ಹದಿನಾರು ಜನ ಇರ್ತಾರೆ, ಹಿಂದೆ ಯಾರೂ ಇರಲ್ಲ. ಎಷ್ಟು ಜನರನ್ನ ದಾಟಿದೆ ಅಂತ ಎಣಿಸೋಕೆ ಸುಲಭ. ಆ ಮೈಕಿನ ಮಹಾನುಭಾವನೂ ಎಣಿಸಲಿ. ಯಾರನ್ನೂ ದಾಟದೇ ಹೋದ್ರೆ ಅದೂ ನಂದೇ, ಅದಕ್ಕೆ ಪಾಲುದಾರರು ಬೇಡ.

...

ಇಲ್ಲ, ಬೇಜಾರಿಲ್ಲ. ಸ್ವಲ್ಪ ಇದೆ. ಹಾಕಿ, ಹಾಕಿ, ಮೂರೂ ಮುಕ್ಕಾಲಾಯ್ತು. ಇವರಿಗೂ ಮರಗಟ್ಟಿರಬೇಕು. ಕೆನ್ನೆ ಮುಟ್ಟಿದ್ರೆ ಗೊತ್ತಾಗುತ್ತಾ ಸರ್? ಗೊತ್ತಾಗಲ್ವಾ? ಭೇಷ್.

...

ಆಯ್ತಾ? ಹಾಕಿದ್ರಾ? ಅಭಿನಂದನೆ ಸಲ್ಲಿಸುತ್ತೇವೆ ತಪಾಸಣಾಧಿಕಾರಿಗಳೇ, ಎಂಬು... ಇಲ್ಲ ಸರ್, ಏನೂ ಅನ್ನಲಿಲ್ಲ.

...

ಭಾನುವಾರ ನನ್ನ ಗಾಡೀನ ಮೊದಲು ನೋಡ್ತೀರಾ, ಕೊನೆಗೆ ನೋಡ್ತೀರಾ? ಎಲ್ಲರಿಗಿಂತ ಜಾಸ್ತಿ ಹೊತ್ತಾ! ನಾದಿನಿ ಅನ್ನೋ ದಾಕ್ಷಿಣ್ಯ ಇಲ್ವಾ?

...

ಏನು ಓದ್ತಿದ್ದಾರೆ ಕಾರ್ಯದರ್ಶಿಗಳು? ಯಾವ ನಿಯಮ?... ಸಹಿ ಹಾಕಿದ ಕ್ಷಣದಿಂದ ಸ್ಪರ್ಧೆ ಮುಗಿಯೋ ತನಕ ಯಾವ ಸ್ಪರ್ಧಿಯ ಜೊತೆಗೂ ಗಾಡಿಯ ವಿಷಯ ಮಾತಾಡೋ ಹಾಗಿಲ್ವಾ? ಈ ಕ್ಷಣದಿಂದಾನೇ? ಇಂಕು ಆರಿಲ್ಲ ಇನ್ನೂ!

...

ಭಾವ, ಒಂದೇ ಒಂದು. ಇಳಿಜಾರು ಮುಗಿದ ಮೇಲೆ ಎಡಕ್ಕೆ ಒಂದು ತಿರುವು ಬರುತ್ತಲ್ಲ, ಅಲ್ಲಿ ಇದರಲ್ಲಿ ಮೂರನೇ ಗೇರಾ ನಾಲ್ಕಾ? ಶನಿವಾರ ಎರಡರಲ್ಲೂ ಹೋದೆ, ಎರಡೂ ತಪ್ಪು ಅನ್ನಿಸ್ತು.

...

'ಸ್ಪರ್ಧಿಗಳೇ' ಅಂದ್ರಾ? ನನ್ನನ್ನಾ? ಹನ್ನೊಂದು ವರ್ಷ 'ಏ ಪೆದ್ದೀ' ಅಂತ ಕೂಗಿದ ಬಾಯಲ್ಲಿ ಸ್ಪರ್ಧಿಗಳೇ!

...

ಇಡಬೇಡಿ, ಇಡಬೇಡಿ. ಸ್ಪರ್ಧಿ ಕೇಳ್ತಿಲ್ಲ, ನಾದಿನಿ ಕೇಳ್ತಿದ್ದಾಳೆ. ಹೇಳೋದೂ ಬೇಡ, ಸುಮ್ನೆ ಕೆಮ್ಮಿ. ಮೂರಾದ್ರೆ ಮೂರು ಸಲ, ನಾಲ್ಕಾದ್ರೆ...

...

ಒಂದು.

...

ಎರಡು. ಭಾವ, ಕೆಮ್ಮಿದ್ದು ನೀವಾ, ಅವರಾ? ಇನ್ನೆಷ್ಟಿದೆ? ಹಲೋ? ಮೂರಕ್ಕೆ ನಿಲ್ಲಿಸ್ತೀರಾ, ಇಲ್ಲಾ ನಾಲ್ಕ...

...

ಹಲೋ? ಭಾವ? ಹಲೋ...